ಗುರುತು ಸಿಗದ ಮರಿಹುಳು: ಮೊದಲು ಗಿಡ, ಆಮೇಲೆ ಕಾಲು

ಹೊಸ ಹುಳು ಕಂಡರೆ ನಾನು ಬಣ್ಣ ನೋಡುವುದು ಕೊನೆಗೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕೂತಿರುವ ಕಂದು-ಬಿಳಿ ಹುಳು, ಕೊನೆಯ ಸಲ ಪೊರೆ ಬಿಟ್ಟ ಮೇಲೆ ಹಸಿರಾಗಿರುತ್ತದೆ. ಬಣ್ಣ ನಂಬಿದರೆ ಒಂದೇ ಹುಳುವಿಗೆ ಎರಡು ಹೆಸರು.

ಮೊದಲು ಗಿಡ. ಎಲೆಯಂಚು ಕಡಿದಿದೆಯೇ, ಕೆಳಗೆ ಹಿಕ್ಕೆ ಬಿದ್ದಿದೆಯೇ ನೋಡಿ. ಗೋಡೆ, ದಾರಿ ಮೇಲೆ ಸರಸರ ಹೋಗುವ ಹುಳು ಕೋಶ ಕಟ್ಟಲು ಜಾಗ ಹುಡುಕುತ್ತಿರಬಹುದು. ಪಕ್ಕದ ಗಿಡವೇ ಅದರ ಆಹಾರ ಅಂದುಕೊಳ್ಳಬೇಡಿ.

ಆಮೇಲೆ ಕಾಲು. ಎದೆಯ ಮೂರು ಜೊತೆ ನಿಜವಾದ ಕಾಲು ಬಿಟ್ಟು, ಹಿಂದಿನ ಮೆತ್ತನೆಯ ಕಾಲು ಎಣಿಸಿ. ಚಿಟ್ಟೆ-ಪತಂಗದ ಮರಿಗೆ ಹೆಚ್ಚೆಂದರೆ ಐದು ಜೊತೆ. ಎರಡೇ ಜೊತೆ ಇದ್ದು ಬೆನ್ನು ಬಿಲ್ಲಿನಂತೆ ಬಾಗಿಸಿ ನಡೆದರೆ ಲೂಪರ್ ಪತಂಗದ್ದಿರಬಹುದು. ಮೂಲಂಗಿ, ಸಾಸಿವೆ ಎಲೆ ತಿನ್ನುವ ಕಪ್ಪು ಹುಳುವಿಗೆ ಎಂಟು ಜೊತೆ ಇದ್ದರೆ ಅದು ಚಿಟ್ಟೆಯದೂ ಅಲ್ಲ, ಪತಂಗದ್ದೂ ಅಲ್ಲ, ಕಣಜದ ಬಳಗಕ್ಕೆ ಸೇರಿದ ಸಾಸಿವೆ ಗರಗಸ ನೊಣದ್ದು (ಸಾಫ್ಲೈ). ಚಿಟ್ಟೆ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಕಣಗಿಲೆ ಒಳ್ಳೆಯ ಉದಾಹರಣೆ, ಗಿಡವೊಂದೇ ಸಾಲದು ಎಂಬುದಕ್ಕೆ. ಮೈಮೇಲೆ ನಾಲ್ಕು ಜೊತೆ ಉದ್ದನೆಯ ಕಪ್ಪು ಎಳೆ ಇದ್ದರೆ ಕಾಮನ್ ಕ್ರೋ ಚಿಟ್ಟೆ. ಹಸಿರು ಮೈ, ಎದೆಯ ಮೇಲೆ ಎರಡು ನೀಲಿ ಕಣ್ಣು, ಬಾಲದಲ್ಲಿ ಗಿಡ್ಡ ಕೊಂಬು ಇದ್ದರೆ ಒಲಿಯಾಂಡರ್ ಹಾಕ್ ಪತಂಗ, ನಂದಿಬಟ್ಟಲಿನಲ್ಲೂ ಸಿಗುತ್ತದೆ. ಆ ಕಣ್ಣು ಬರೀ ಚಿತ್ತಾರ, ನಿಜವಾದ ತಲೆ ಅದಕ್ಕೂ ಮುಂದೆ ಬಗ್ಗಿಕೊಂಡಿರುತ್ತದೆ.

ಫೋಟೋ ಮೂರು ಬೇಕು: ಮೇಲಿನಿಂದ, ಪಕ್ಕದಿಂದ, ತಲೆಯ ಹತ್ತಿರದಿಂದ. ಎಲೆಯ ಜೊತೆ ಒಂದು ಸ್ಕೇಲ್ ಇಡಿ. ಮೇಲಿನಿಂದ ತೆಗೆದ ಒಂದೇ ಫೋಟೋವನ್ನು ಜೀವಿಗಳ ಗುರುತು ಹಿಡಿಯಲು ಬಳಸುವ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಆ್ಯಪ್ ಕೊಡುವ ಮೊದಲ ಹೆಸರನ್ನು ಸೂಚನೆ ಅಂತಲೇ ತೆಗೆದುಕೊಳ್ಳಿ. ಕಾಲೇ ಕಾಣದಿದ್ದರೆ ಬೇರೆಯವರು ಖಚಿತಪಡಿಸುವುದೂ ಕಷ್ಟ.

ಕೂದಲು, ಮುಳ್ಳು ಇರುವುದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದು ಕೂತ ಎಲೆಯನ್ನೇ ಕತ್ತರಿಸಿ ತೆಗೆದುಕೊಳ್ಳಿ. ತಗುಲಿದರೆ ಉಜ್ಜದೆ ಸೆಲ್ಲೋಟೇಪ್ ಒತ್ತಿ ಕೂದಲು ಕಿತ್ತು, ಸೋಪಿನಲ್ಲಿ ತೊಳೆಯಿರಿ. ಕಣಗಿಲೆ ಹಾಲೂ ವಿಷ, ಕೈ ತೊಳೆಯದೆ ಕಣ್ಣು ಮುಟ್ಟಬಾರದು.

ಆಗಲೂ ತೀರ್ಮಾನವಾಗದಿದ್ದರೆ ಸಾಕಿ ನೋಡುವುದೇ ದಾರಿ. ಬಾಯಿಗೆ ಬಲೆಬಟ್ಟೆ ಕಟ್ಟಿದ ಡಬ್ಬಿ, ತಳಕ್ಕೆ ಟಿಶ್ಯೂ, ದಿನಾ ಅದೇ ಗಿಡದ ಒದ್ದೆಯಿಲ್ಲದ ತಾಜಾ ಎಲೆ. ಮುಚ್ಚಳ ಬಿಗಿಯಾದರೆ ಬೆವರು ಕಟ್ಟಿ ಹಿಕ್ಕೆಗೆ ಬೂಸ್ಟು ಬರುತ್ತದೆ, ಹುಳು ಸಾಯುತ್ತದೆ. ಹಾಕ್ ಪತಂಗದ ಮರಿ ಹಸಿರು ಬಿಟ್ಟು ಕಂದಾಗಿ ಓಡಾಡತೊಡಗಿದರೆ ಕಾಯಿಲೆಯಲ್ಲ, ಕೋಶಕ್ಕೆ ಸಿದ್ಧವಾಗಿದೆ. ಐದು ಸೆಂ.ಮೀ. ಸಡಿಲ ಮಣ್ಣು, ಒಣ ಎಲೆ ಹಾಕಿ. ಕಾಮನ್ ಕ್ರೋಗೆ ಮಣ್ಣು ಬೇಡ, ನೇತಾಡಲು ಕಡ್ಡಿ ಸಾಕು. ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ಪರಾವಲಂಬಿ ಕಣಜವೋ ನೊಣವೋ ಹೊರಬರುತ್ತದೆ. ಎಸೆಯಬೇಡಿ, ಅದರ ಫೋಟೋವನ್ನೂ ತೆಗೆದು, ಯಾವ ಹುಳುವಿನಿಂದ ಬಂತೆಂದು ಬರೆದಿಡಿ.