ಗಾಡಿ ತಣ್ಣಗಿರುವಾಗಲೇ ನೋಡಿ: ಕಾರಿಗೆ ವಾರಕ್ಕೆ ಹತ್ತು ನಿಮಿಷ

ಕಾರಿನ ಆರೋಗ್ಯ ನೋಡಲು ಸರಿಯಾದ ಹೊತ್ತು ಬೆಳಗ್ಗೆ, ಕೀ ತಿರುಗಿಸುವ ಮೊದಲು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಂಜಿನ್ ಆಯಿಲ್ ಪೂರ್ತಿ ಕೆಳಗಿಳಿದು ಕೂತಿರುತ್ತದೆ, ಟೈರಿನೊಳಗಿನ ಗಾಳಿ ತಣಿದಿರುತ್ತದೆ, ರೇಡಿಯೇಟರ್‌ನಲ್ಲಿ ಒತ್ತಡ ಇರುವುದಿಲ್ಲ. ಅದೇ ಗಾಡಿಯನ್ನು ಅರ್ಧ ಗಂಟೆ ಓಡಿಸಿ ಬಂದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಬೇಕಾಗುವುದು ಇಷ್ಟೇ: ಹಳೆಯ ಹತ್ತಿ ಬಟ್ಟೆ, ಟೈರ್ ಗೇಜ್, ಟಾರ್ಚ್, ಬಿಳಿ ಕಾಗದ, ಒಂದು ಸಣ್ಣ ನೋಟ್‌ಬುಕ್. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರಲಿ.

ಮೊದಲು ನೆಲ ನೋಡಿ

ಬಗ್ಗಿ ಗಾಡಿಯ ಕೆಳಗೆ ಟಾರ್ಚ್ ಬಿಡಿ. ಏನಾದರೂ ತೊಟ್ಟಿಕ್ಕಿದ್ದರೆ ಬಿಳಿ ಕಾಗದವನ್ನು ಅದಕ್ಕೆ ಒತ್ತಿ ನೋಡಿ. ಬಣ್ಣ, ವಾಸನೆ, ಜಿಡ್ಡು ಮೂರೂ ಇಲ್ಲದ ನೀರಾದರೆ ಅದು ಎಸಿಯದು, ಚಿಂತೆ ಬೇಡ. ಕಂದು ಅಥವಾ ಕಪ್ಪು ಜಿಡ್ಡು ಸಾಮಾನ್ಯವಾಗಿ ಎಂಜಿನ್ ಆಯಿಲ್. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ್ದು, ಸಿಹಿಯಾದ ವಾಸನೆಯದ್ದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಅದು ವಿಷ, ನಾಯಿ, ಬೆಕ್ಕು ನೆಕ್ಕುವ ಮೊದಲು ತೊಳೆದುಬಿಡಿ. ಚಕ್ರದ ಒಳಬದಿಯಲ್ಲಿ ತೆಳುವಾದ ಎಣ್ಣೆಯಂಥದ್ದು ಇಳಿದಿದ್ದರೆ ಬ್ರೇಕ್ ಫ್ಲೂಯಿಡ್ ಇರಬಹುದು. ಆಗ ಗಾಡಿಯನ್ನು ರಸ್ತೆಗೆ ತರಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಟೈರಿಗೆ ಹೆಚ್ಚು ಹೊತ್ತು ಕೊಡಿ

ಇಡೀ ಗಾಡಿ ನೆಲಕ್ಕೆ ತಾಗುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಎಷ್ಟು ಗಾಳಿ ಬೇಕು ಎಂಬುದಕ್ಕೆ ಟೈರಿನ ಪಕ್ಕದ ಗೋಡೆ ನೋಡಬೇಡಿ, ಅಲ್ಲಿರುವುದು ಆ ಟೈರು ತಡೆಯುವ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಬೇಕಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿರುತ್ತದೆ. ಬಹುತೇಕ ಕಾರುಗಳಿಗೆ ಅದು 30ರಿಂದ 35 ಪಿಎಸ್‌ಐ ಆಸುಪಾಸು. ಓಡಿ ಬಿಸಿಯಾದ ಟೈರಿನಲ್ಲಿ ಮೂರ್ನಾಲ್ಕು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಗಾಳಿಯ ಟೈರಿನಲ್ಲಿ ಹೊರಟಿರುತ್ತೀರಿ. ಸ್ಟೆಪ್ನಿಗೂ ಗೇಜ್ ಹಿಡಿಯಿರಿ; ಅದು ಬೇಕಾಗುವ ದಿನ ಗಾಳಿಯಿಲ್ಲದೆ ಮಲಗಿರಬಾರದು.

ಇನ್ನು ಸವೆತ. ನಡುಭಾಗವೇ ಹೆಚ್ಚು ಸವೆದಿದ್ದರೆ ಗಾಳಿ ಹೆಚ್ಚು ತುಂಬುತ್ತಿದ್ದೀರಿ. ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಕೆಟ್ಟಿರುವ ಸಂಭವವೇ ಹೆಚ್ಚು. ಒಳ ಅಂಚು ನಿಂತಲ್ಲಿಂದ ಕಾಣುವುದಿಲ್ಲ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಬೇಕು. ಬಹಳ ಜನ ಮೋಸ ಹೋಗುವುದು ಇಲ್ಲೇ: ಹೊರಗಿನಿಂದ ಹೊಸದರಂತೆ ಕಾಣುವ ಟೈರಿನ ಒಳಬದಿಯಲ್ಲಿ ತಂತಿ ಕಾಣುವಷ್ಟು ಸವೆದಿರುತ್ತದೆ. ಟೈರಿನ ಕಾಲುವೆಗಳ ಆಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, 1.6 ಮಿ.ಮೀ. ಎತ್ತರದವು. ಟೈರಿನ ಮೈ ಅವುಗಳ ಮಟ್ಟಕ್ಕೆ ಬಂದರೆ ಬದಲಾಯಿಸಲೇಬೇಕು. ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಾಯಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕಡಿಮೆ ಓಡುವ ಗಾಡಿಯಲ್ಲಿ ಟೈರು ಸವೆಯುವ ಮೊದಲು ವಯಸ್ಸಾಗುತ್ತದೆ. ಪಕ್ಕದ ಗೋಡೆಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕಂಕಿ ನೋಡಿ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು.

ಬಾನೆಟ್ ಎತ್ತಿ

ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆಯಿರಿ. ಮೊದಲ ಸಲ ಕಂಡದ್ದನ್ನು ನಂಬಬೇಡಿ. ಆಯಿಲ್ ಕಡ್ಡಿಯುದ್ದಕ್ಕೂ ಹತ್ತಿರುತ್ತದೆ. ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ನಿಧಾನ ಎಳೆದು ಅಡ್ಡಲಾಗಿ ಹಿಡಿಯಿರಿ. ಎರಡು ಗುರುತುಗಳ ನಡುವೆ ಎಲ್ಲಿಗೆ ನಿಂತಿದೆಯೋ ಅದೇ ಮಟ್ಟ. ಹಲವು ಗಾಡಿಗಳಲ್ಲಿ ಈ ಗುರುತುಗಳ ಅಂತರ ಸುಮಾರು ಒಂದು ಲೀಟರ್. ಬಿಸಿ ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ನೋಡಿ ಎಂದು ನಿಮ್ಮ ಗಾಡಿಯ ಕೈಪಿಡಿ ಹೇಳಿದರೆ ಅದನ್ನೇ ಪಾಲಿಸಿ.

ಆಮೇಲೆ ಕಡ್ಡಿಯ ತುದಿಯ ಹನಿಯನ್ನು ಬಟ್ಟೆಗೆ ತಾಗಿಸಿ. ಕಪ್ಪಾಗಿದೆ ಎಂದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ, ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬಹುಬೇಗ ಕಪ್ಪಾಗುತ್ತದೆ. ಹೆದರಬೇಕಾದದ್ದು ಹಾಲು ಬೆರೆತಂತೆ ಮಾಸಲು ಬಣ್ಣ ಬಂದರೆ. ಕೂಲಂಟ್ ಆಯಿಲ್‌ಗೆ ಸೇರುತ್ತಿರಬಹುದು. ಆಯಿಲ್ ಕಡಿಮೆಯಿದ್ದರೆ ಕೈಪಿಡಿ ಹೇಳಿದ ದರ್ಜೆಯದ್ದನ್ನೇ ಸ್ವಲ್ಪಸ್ವಲ್ಪ ಹಾಕಿ ಮತ್ತೆ ಅಳೆಯಿರಿ. ಮೇಲಿನ ಗುರುತು ದಾಟಿಸಿದರೆ ಎಂಜಿನ್ ಒಳಗೆ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟ್, ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಎಂಜಿನ್‌ಗೆ ರಕ್ಷಣೆ ಸಿಗುವುದಿಲ್ಲ.

ಪಕ್ಕದಲ್ಲೇ ಕೂಲಂಟ್ ಬಾಟಲಿ. ಬಿಸಿ ಎಂಜಿನ್‌ನಲ್ಲಿ ಅದರ ಮುಚ್ಚಳ ತೆರೆಯಲೇಬೇಡಿ. ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಇರುವ ದ್ರವ, ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ನನ್ನ ಮೊದಲ ಕಾರಿನಲ್ಲಿ ಈ ಮಟ್ಟ ವಾರವಾರ ಇಳಿಯುತ್ತಿತ್ತು. ನಾನು ನೀರು ತುಂಬಿಸುತ್ತಾ ಹೋದೆ, ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಮೂರು ತಿಂಗಳ ನಂತರ ಹೆದ್ದಾರಿಯಲ್ಲಿ ಎಂಜಿನ್ ಕಾದು, ಎಂಜಿನ್‌ನ ಎರಡು ಭಾಗಗಳ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿ ಗಾಡಿ ನಿಂತಿತು. ಮುಚ್ಚಿದ ವ್ಯವಸ್ಥೆಯಿಂದ ಕೂಲಂಟ್ ಹೀಗೆ ಪದೇಪದೇ ಕಡಿಮೆಯಾಗಬಾರದು. ಎರಡನೇ ಸಲ ತುಂಬಿಸಬೇಕಾಗಿ ಬಂದರೆ ಸೋರಿಕೆ ಹುಡುಕಿಸಿ.

ಬ್ರೇಕ್ ಫ್ಲೂಯಿಡ್‌ಗೂ ಇದೇ ಮಾತು. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ನಿಧಾನ ಇಳಿಯುತ್ತದೆ, ಹಾಗಾಗಿ ಮಟ್ಟ ಇಳಿದಾಗ ಮೊದಲು ಪ್ಯಾಡ್ ನೋಡಿಸಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ಡಿಒಟಿ 4 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಅದು ಕುದಿದು ಗುಳ್ಳೆಗಳಾದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮಟ್ಟ ಸರಿಯಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಸ್ವಚ್ಛ ಮಾಡಿ. ತಂತಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ.

ಈಗ ಕೀ ತಿರುಗಿಸಿ

ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಒಮ್ಮೆ ಹತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹಳದಿ ಉಳಿದರೆ ಬೇಗ ತೋರಿಸಿ. ಕೆಂಪು ಆಯಿಲ್ ದೀಪ ಓಡುವಾಗ ಹತ್ತಿದರೆ ಮುಂದಿನ ಬಂಕ್‌ವರೆಗೆ ಹೋಗೋಣ ಎನ್ನಬೇಡಿ. ಅದು ಹೇಳುತ್ತಿರುವುದು ಒತ್ತಡ ಇಲ್ಲ ಎಂದು. ಬದಿಗೆ ತಂದು ತಕ್ಷಣ ಎಂಜಿನ್ ಆರಿಸಿ.

ಕಂಡದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ತಾರೀಖು, ಕಿಲೋಮೀಟರ್ ಸಮೇತ ಬರೆಯಿರಿ. ಓಡಿಸುವಾಗ ಕೇಳಿದ ಸದ್ದುಗಳನ್ನೂ ಸೇರಿಸಿ. ಗ್ಯಾರೇಜಿನಲ್ಲಿ "ಏನೋ ಸದ್ದು ಬರುತ್ತದೆ" ಎಂದರೆ ಎಲ್ಲವನ್ನೂ ಬಿಚ್ಚಿ ಹುಡುಕಬೇಕಾಗುತ್ತದೆ. "60 ದಾಟಿದ ಮೇಲೆ ಮುಂದಿನ ಎಡ ಚಕ್ರದ ಕಡೆಯಿಂದ ಗುಂಯ್ ಅನ್ನುತ್ತದೆ, ಬಲಕ್ಕೆ ತಿರುಗಿಸಿದರೆ ಜೋರಾಗುತ್ತದೆ" ಎಂದು ಓದಿ ಹೇಳಿದರೆ, ಅನುಭವಿ ಮೆಕ್ಯಾನಿಕ್ ನೇರವಾಗಿ ಎಡಗಡೆಯ ವೀಲ್ ಬೇರಿಂಗ್‌ಗೇ ಕೈ ಹಾಕುತ್ತಾನೆ.