ಮಡಿಕೇರಿ ಅಂಚಿನಲ್ಲಿ ಮನೆ ಮಾಡಿದ ಮೇಲೆ

ಮಡಿಕೇರಿಯಿಂದ ಅಬ್ಬಿ ಫಾಲ್ಸ್ ಕಡೆ ಹೋಗುವಾಗ ನಗರಸಭೆಯ ಗಡಿ ಮುಗಿದು ಪಂಚಾಯಿತಿ ಶುರುವಾಗುತ್ತದೆ. ನಮ್ಮ ಬಡಾವಣೆ ಇರುವುದು ಅಲ್ಲೇ. ಬಡಾವಣೆ ಅಂದರೆ ದೊಡ್ಡದೇನಲ್ಲ. ಗುಡ್ಡಕ್ಕೆ ಅಂಟಿದ ಒಂದು ಕಾಂಕ್ರೀಟ್ ರಸ್ತೆ, ಎರಡೂ ಬದಿ ಕೆಲವು ಮನೆ, ಕೆಳಗೆ ಕಾಫಿ ತೋಟ. ನನ್ನದು ಲೆಕ್ಕ ಬರೆಯುವ ಕೆಲಸ, ಮನೆಯಲ್ಲೇ ಕೂತು ಮಾಡಬಹುದು. ಗಲಾಟೆ ಸಾಕಾಗಿ ಮೈಸೂರು ಬಿಟ್ಟು ಬಂದೆ.

ಇಲ್ಲಿ ಗಲಾಟೆ ಕಡಿಮೆ, ನಿಜ. ಆದರೆ ಮೈಸೂರಿನಲ್ಲಿ ನೂರು ಸದ್ದು ಕೇಳಿದರೂ ಒಂದಕ್ಕೂ ತಲೆ ಎತ್ತಿ ನೋಡುತ್ತಿರಲಿಲ್ಲ. ಇಲ್ಲಿ ಒಂದೊಂದು ಸದ್ದೂ ಒಂದು ಸುದ್ದಿ. ಬೆಳಿಗ್ಗೆ ತಿರುವಿನಲ್ಲಿ ಹಾರ್ನ್ ಕೇಳಿದರೆ ಮೀನಿನವರು ಬಂದರು ಅಂತ. ಒಂದು ಮಧ್ಯಾಹ್ನ ದೂರದಲ್ಲಿ ಎರಡು ಸಲ ಕೋವಿ ಸದ್ದು ಕೇಳಿತು. ಪಕ್ಕದ ಮನೆಯ ಅಕ್ಕ ಅಂಗಳದಲ್ಲಿ ಕಾಫಿ ಒಣಹಾಕುತ್ತಿದ್ದರು. ಕೈ ನಿಲ್ಲಿಸದೆ, "ಎರಡು ಗುಂಡು. ಯಾರೋ ತೀರಿಕೊಂಡ್ರು ಕಾಣ್ತದೆ" ಅಂದರು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸಂಜೆ ಹೊತ್ತಿಗೆ ಯಾರ ಮನೆ, ಯಾರು ಅಂತ ಬಡಾವಣೆಗೆಲ್ಲ ತಿಳಿದಿತ್ತು. ಸೆಪ್ಟೆಂಬರ್‌ನ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ, ಆಮೇಲೆ ಸುಗ್ಗಿ ಹಬ್ಬ ಪುತ್ತರಿಗೆ ಕೇಳುವ ಕೋವಿ ಸದ್ದೇ ಬೇರೆ. ಅದಕ್ಕೆ ಯಾರೂ ಎಣಿಸುತ್ತಾ ಕೂರುವುದಿಲ್ಲ.

ಜೂನ್ ಬಂತು ಅಂದರೆ ಇದೆಲ್ಲ ಬಂದ್. ಇಲ್ಲಿ ತಾರಸಿ ಮನೆಗೂ ಮೇಲೊಂದು ಶೀಟ್ ಹೊದಿಸುತ್ತಾರೆ, ಇಲ್ಲದಿದ್ದರೆ ಸೋರುತ್ತದೆ. ಆ ಶೀಟ್ ಮೇಲೆ ಮಳೆ ಬಿದ್ದರೆ ಮನೆಯೊಳಗೆ ಮಾತು ಕೇಳುವುದಿಲ್ಲ. ಸಾಮಾನ್ಯ ವರ್ಷದಲ್ಲಿ ಮಡಿಕೇರಿಯ ಮಳೆ ನೂರು ಇಂಚು ದಾಟುತ್ತದೆ. ಹೌದು, ಇಲ್ಲಿನವರು ಮಿಲಿಮೀಟರ್ ಅನ್ನುವುದಿಲ್ಲ. "ನಿನ್ನೆ ನಮ್ಮಲ್ಲಿ ಮೂರು ಇಂಚು ನಲವತ್ತು ಸೆಂಟು, ನಿಮ್ಮಲ್ಲಿ ಎಷ್ಟು?" ಅಂತ ಕೇಳುತ್ತಾರೆ. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಫೋನಿನಲ್ಲಿ ಮಾತಾಡಲು ಆಗದ ಕಾರಣ ಮಳೆಗಾಲದಲ್ಲಿ ಮೆಸೇಜ್ ಹಾಕಿ ಅಂತ ನನಗೆ ಲೆಕ್ಕ ಕೊಡುವ ಎಲ್ಲ ಪಾರ್ಟಿಗಳಿಗೂ ಮೊದಲೇ ಹೇಳಿಬಿಟ್ಟಿದ್ದೇನೆ. ತಿಂಗಳು ತಿಂಗಳು ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸುವವರಿಗೆ 20ನೇ ತಾರೀಕು ಕೊನೆ. ಜುಲೈ, ಆಗಸ್ಟ್‌ನಲ್ಲಿ ನಾನು 14, 15ಕ್ಕೇ ಮುಗಿಸುತ್ತೇನೆ. ತೋಟದ ಸಿಲ್ವರ್ ಓಕ್ ಮರ ಒಂದು ತಂತಿ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸುಮ್ಮನಾಗುತ್ತದೆ. ಇನ್ವರ್ಟರ್ ಇದೆ, ಎರಡು ಕಂಪನಿಯ ಸಿಮ್ ಇದೆ. ಎರಡೂ ಒಟ್ಟಿಗೆ ಹೋಗುವ ದಿನಗಳೂ ಇವೆ. ಬಟ್ಟೆಗೆ, ಬೆಲ್ಟಿಗೆ, ಫೈಲಿಗೆ ಬೂಷ್ಟು ಹಿಡಿಯುವುದು ಮಾಮೂಲಿ. ಫೈಲಿನ ಬೀರುವಿನೊಳಗೆ ಒಂದು ಸಣ್ಣ ಬಲ್ಬ್ ಉರಿಸಿಡುತ್ತೇನೆ.

ಎಲ್ಲಕ್ಕಿಂತ ಮುಖ್ಯ ಮನೆ ಹಿಂದಿನ ಬರೆ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂಬದಿ ಉಳಿಯುವ ಮಣ್ಣಿನ ಗೋಡೆಗೆ ಇಲ್ಲಿ ಬರೆ ಅನ್ನುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದವು. ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲೂ ಮನೆಗಳು ಹೋದವು. ಅದಾದ ಮೇಲೆ ಮನೆ ಹುಡುಕಿದವಳು ನಾನು. ದಲ್ಲಾಳಿಗಳು ಮುಂದಿನ ವ್ಯೂ ತೋರಿಸುತ್ತಿದ್ದರು, ನಾನು ನೇರ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದೆ. ಬರೆಯನ್ನು ನೇರಕ್ಕೆ ಕಡಿದಿದ್ದಾರಾ, ಇಳಿಜಾರು ಬಿಟ್ಟಿದ್ದಾರಾ? ಅದರ ಮೇಲೆ ಏನಿದೆ? ಯಾರದ್ದಾದರೂ ನೀರಿನ ಟ್ಯಾಂಕ್ ಅಥವಾ ಇಂಗುಗುಂಡಿ ಇದ್ದರೆ ಆ ಮನೆ ಬೇಡ. ಮೇಲಿನ ಮರಗಳು ನೆಟ್ಟಗಿವೆಯಾ, ವಾಲಿವೆಯಾ? ಮಳೆ ನೀರು ಬರೆಗೆ ಇಳಿಯದ ಹಾಗೆ ಮೇಲೆ ಚರಂಡಿ ತೆಗೆದಿದ್ದಾರಾ? ಒಂದು ಮನೆ ಬಹಳ ಚೆಂದ ಇತ್ತು. ಆದರೆ ತಡೆಗೋಡೆಯಲ್ಲಿ ನೀರು ಹೊರಬರಲು ಒಂದು ಪೈಪೂ ಇರಲಿಲ್ಲ. ಮಣ್ಣು ಕುಡಿದ ನೀರು ಎಲ್ಲಿಗೆ ಹೋಗಬೇಕು? ಗೋಡೆಯನ್ನೇ ತಳ್ಳುತ್ತದೆ. ಬಿಟ್ಟು ಬಂದೆ. ಡಿಸೆಂಬರಿನಲ್ಲಿ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ, ಎಲ್ಲ ಮನೆಯೂ ಸ್ವರ್ಗದ ಹಾಗೆ ಕಾಣುತ್ತದೆ. ಜುಲೈನಲ್ಲಿ ಕೊಡೆ ಹಿಡಿದು ಹೋಗಿ ನೋಡಬೇಕು.

ಈಗಿನ ಮನೆಯ ತಡೆಗೋಡೆಯಲ್ಲಿ ಪೈಪುಗಳಿವೆ. ಮೇ ಕೊನೆಯಲ್ಲಿ ಕಂಬಿ ಹಾಕಿ ಅವುಗಳ ಬಾಯಿ ಬಿಡಿಸುತ್ತೇನೆ, ಮೇಲಿನ ಚರಂಡಿಯ ಎಲೆ ತೆಗೆಸುತ್ತೇನೆ. ಗೋಡೆ ಇಲ್ಲದ ಕಡೆ ಟಾರ್ಪಾಲ್. ಮಳೆ ಶುರುವಾದ ಮೇಲೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂಬದಿ ಒಂದು ಸುತ್ತು. ಪೈಪಿನಲ್ಲಿ ತಿಳಿ ನೀರು ಬರುತ್ತಿದ್ದರೆ ಸರಿ. ಕೆಂಪು ನೀರು ಬಂದರೆ ಮಣ್ಣೂ ಜೊತೆಗೆ ಬರುತ್ತಿದೆ ಅಂತ ಅರ್ಥ. ಧೋ ಅಂತ ಮಳೆ ಸುರಿಯುವಾಗ ಪೈಪಿನ ನೀರು ತಟ್ಟನೆ ನಿಂತರೆ ಅದು ಇನ್ನೂ ಕೆಟ್ಟದ್ದು, ಒಳಗೆ ಎಲ್ಲೋ ಕಟ್ಟಿಕೊಂಡಿದೆ. ಹಾಗಾಗಿ ರಾತ್ರಿ ಮಲಗಿದಾಗಲೂ ನನ್ನ ಕಿವಿ ಆ ನೀರಿನ ಸದ್ದಿನ ಮೇಲೇ ಇರುತ್ತದೆ. ಒಂದು ಬ್ಯಾಗಿನಲ್ಲಿ ದಾಖಲೆ, ಟಾರ್ಚು, ಮಾತ್ರೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಪಕ್ಕದ ಮನೆಯವರದ್ದೂ ಹಾಗೇ ಇದೆ.

ತರಕಾರಿಗೆ ಶುಕ್ರವಾರದ ಸಂತೆ. ಹೋಗುವಾಗ ಇಳಿಜಾರು, ನಡೆದೇ ಹೋಗುತ್ತೇನೆ. ಬರುವಾಗ ಏರು, ಕೈಯಲ್ಲಿ ಭಾರ, ಆಟೋ ಬೇಕೇ ಬೇಕು. ಆಟೋದವರಿಗೂ ಇದು ಗೊತ್ತು! ಈಗ ಮೂರು ಮನೆಯವರು ಸೇರಿ ಒಂದೇ ಆಟೋದಲ್ಲಿ ಬರುತ್ತೇವೆ. ಬಡಾವಣೆಯ ಎಲ್ಲ ವಿಷಯ ನನಗೆ ಗೊತ್ತಾಗುವುದು ಆ ಆಟೋದಲ್ಲೇ.

ಇನ್ನು ಶನಿವಾರ, ಭಾನುವಾರ. ಮಾಂದಲ್‌ಪಟ್ಟಿ ಬೆಟ್ಟದಲ್ಲಿ ಸೂರ್ಯೋದಯ ನೋಡುವವರ ಜೀಪುಗಳು ಕತ್ತಲಿರುವಾಗಲೇ ಮೇಲಿನ ರಸ್ತೆಯಲ್ಲಿ ಹೊರಡುತ್ತವೆ. ಅವಕ್ಕೆ ಸೈಲೆನ್ಸರ್ ಅಂತ ಒಂದಿದೆಯೋ ಇಲ್ಲವೋ. ಆದರೂ ಜೀಪಿನ ಬಗ್ಗೆ ನಾನು ದೂರುವುದಿಲ್ಲ, ಓಡಿಸುವವರಲ್ಲಿ ನಮ್ಮ ರಸ್ತೆಯ ಹುಡುಗರೂ ಇದ್ದಾರೆ. ಸಿಟ್ಟು ಬರುವುದು ಸ್ಪೀಕರಿಗೆ. ಬಡಾವಣೆಯಲ್ಲಿ ಖಾಲಿಯಾದ ಮನೆ ಬಾಡಿಗೆಗೆ ಸಿಗುವುದಿಲ್ಲ, ಹೋಂಸ್ಟೇ ಆಗುತ್ತದೆ. ಬಂದವರು ಬೆಂಕಿ ಹಾಕಿ, ಹಾಡು ಹಾಕಿ ಕುಣಿಯುತ್ತಾರೆ. ಅವರಿಗೆ ಒಂದು ರಾತ್ರಿ, ನಮಗೆ ಪ್ರತಿ ವಾರ. ಪೊಲೀಸರಿಗೆ ಹೇಳೋಣ ಅಂತ ಕೆಲವರು ಅಂದರು. ಪಕ್ಕದ ಅಕ್ಕನೇ ಬೇಡ ಅಂದರು: "ನಾಳೆ ಬರೆ ಜರಿದ್ರೆ ಮೊದಲು ಓಡಿ ಬರೋದು ಆ ಹೋಂಸ್ಟೇಯವ್ರೇ ಅಲ್ವಾ?" ಹೋಂಸ್ಟೇ ಮಾಲೀಕರನ್ನು ತಮ್ಮ ಮನೆಗೇ ಕರೆದು, ಕಾಫಿ ಕೊಟ್ಟು ಮಾತಾಡಿದರು. ಹತ್ತು ಗಂಟೆಗೆ ಸ್ಪೀಕರ್ ಆಫ್ ಅಂತ ತೀರ್ಮಾನವಾಯಿತು. ಹೆಚ್ಚುಕಮ್ಮಿ ನಡೆಯುತ್ತಿದೆ.

ನಡೆಯದೇ ಇರುವುದು ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ. ಆಗ ಇಡೀ ಬೆಂಗಳೂರು ಇಲ್ಲೇ ಇರುತ್ತದೆ. ಆ ವಾರ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಮೈಸೂರಿನ ತಂಗಿ ಮನೆಗೆ ಹೋಗುತ್ತೇನೆ. ಬಸ್‌ಸ್ಟ್ಯಾಂಡ್ ಹತ್ತಿರದ ಮನೆ. ಚೆನ್ನಾಗಿ ನಿದ್ದೆ ಬರುತ್ತದೆ.