ಹಿತ್ತಲಿಗೆ ಹಸಿರು ಮರೆ: ಗಿಡಕ್ಕಿಂತ ಮೊದಲು ಟೇಪು

ಮರೆಗೆಂದು ಗಿಡ ಕೊಳ್ಳಲು ಹೋದವರ ಮೊದಲ ಪ್ರಶ್ನೆ, "ಯಾವುದು ಬೇಗ ಬೆಳೆಯುತ್ತೆ?" ಆದರೆ ಬೇಗ ಬೆಳೆಯುವ ಗಿಡ ನಿಮಗೆ ಬೇಕಾದ ಎತ್ತರ ಬಂತೆಂದು ನಿಲ್ಲುವುದಿಲ್ಲ. ಆಮೇಲೆ ಕತ್ತರಿ ಕೆಳಗಿಡುವ ಹಾಗೇ ಇರದು. ನರ್ಸರಿಗೆ ಹೋಗುವ ಮೊದಲು ಹಿತ್ತಲು ಅಳೆಯಿರಿ.

ನೀವು ಕೂರುವ ಜಾಗದಿಂದ ಎದುರು ಮನೆಯ ಕಿಟಕಿ 30 ಅಡಿ ದೂರ, ಅದರ ಮೇಲಂಚು ನೆಲದಿಂದ 14 ಅಡಿ, ಕುಳಿತಾಗ ನಿಮ್ಮ ಕಣ್ಣು 4 ಅಡಿ ಎತ್ತರ ಎನ್ನಿ. 24 ಅಡಿ ಆಚೆ ಬೇಲಿಯಂಚಿಗೆ ನೆಟ್ಟರೆ ಗಿಡ 12 ಅಡಿ ಬೆಳೆಯಬೇಕು. ಅದೇ ಕುರ್ಚಿಯಿಂದ 9 ಅಡಿಗೆ ನೆಟ್ಟರೆ 7 ಅಡಿ ಸಾಕು. ಎಷ್ಟೋ ಹಿತ್ತಲುಗಳಿಗೆ ಬೇಲಿಯುದ್ದದ ಸಾಲೇ ಬೇಕಿರುವುದಿಲ್ಲ. ಸರಿಯಾದ ಜಾಗದಲ್ಲಿ ಮೂರು ಗಿಡ ಸಾಕು.

7-8 ಅಡಿಗೆ ಕಾಮಿನಿ ಒಳ್ಳೆಯದು. ಎರಡೂವರೆ ಅಡಿಗೊಂದು ನೆಡಿ. ಹತ್ತಿರದಲ್ಲಿ ನಿಂಬೆ, ಕಿತ್ತಳೆ ಇದ್ದರೆ ಮಾತ್ರ ಬೇಡ: ಅವುಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಕೀಟ ಕಾಮಿನಿಯಲ್ಲೂ ಬೀಡುಬಿಡುತ್ತದೆ. ದಾಸವಾಳವೂ ಆದೀತು, ಹಿಟ್ಟುತಿಗಣೆಯ ಮೇಲೆ ಕಣ್ಣಿರಲಿ. ಕಣಗಿಲೆ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಬೇರಿನಿಂದ ಹೂವಿನವರೆಗೂ ವಿಷ. ಮಕ್ಕಳು, ದನಕರು ಓಡಾಡುವಲ್ಲಿ ಬೇಡವೇ ಬೇಡ.

12 ಅಡಿ ದಾಟಬೇಕಿದ್ದರೆ, 5 ಅಡಿ ಅಗಲದ ಜಾಗವೂ ಇದ್ದರೆ, ಬಿದಿರು. ಅದೂ ಮೆಳೆ ಕಟ್ಟುವ ಜಾತಿಯೇ ಆಗಬೇಕು, ಉದಾಹರಣೆಗೆ ಬಾಂಬೂಸಾ ಮಲ್ಟಿಪ್ಲೆಕ್ಸ್. ಚೀಟಿಯಲ್ಲಿ ಫಿಲ್ಲೋಸ್ಟ್ಯಾಕಿಸ್ ಎಂದಿದ್ದರೆ ಮುಟ್ಟಬೇಡಿ. ಅದು ನೆಲದಡಿಯೇ ಹರಿದು ಪಕ್ಕದವರ ಅಂಗಳದಲ್ಲಿ ಏಳುತ್ತದೆ. 4 ಅಡಿಗೊಂದು ನೆಟ್ಟು, ಸಾಲು ಬಿಟ್ಟು ಎದ್ದ ಕಳಲೆಯನ್ನು ಎಳೆಯದಾಗಿದ್ದಾಗಲೇ ಮುರಿಯಿರಿ. ತುದಿ ಕತ್ತರಿಸಿದ ಗಳು ಮತ್ತೆ ಎತ್ತರ ಬೆಳೆಯುವುದಿಲ್ಲ, ಅದೊಂದು ಅನುಕೂಲ. ಅರೆಕಾ ಪಾಮ್‌ಗೆ ಈ ಉಪಾಯ ಹೂಡಬೇಡಿ. ಸುಳಿ ಹೋದ ಕಾಂಡ ಸತ್ತೇ ಹೋಗುತ್ತದೆ.

ಜಾಗ ಎರಡೇ ಅಡಿಯಿದ್ದರೆ ಜಾಲರಿಗೆ ರಂಗೂನ್ ಮಲ್ಲಿಗೆ ಹಬ್ಬಿಸಿ. ಫೈಕಸ್ ಅಗ್ಗವೆಂದು ಗೋಡೆಯ ಪಕ್ಕ ತಂದು ನೆಟ್ಟರೆ ಅದರ ಬೇರು ಚರಂಡಿ ಪೈಪು ಹುಡುಕಿಕೊಂಡು ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಬೇಲಿ ಕೆಡುವುದು ಬುಡದಲ್ಲಿ. ಮೇಲೆ ದಟ್ಟ, ಕೆಳಗೆ ಬರೀ ಕಡ್ಡಿ. ಪೂರ್ತಿ ಎತ್ತರ ಬರಲೆಂದು ಕಾದು ಕೂತದ್ದೇ ಇದಕ್ಕೆ ಕಾರಣ. ಪೊದೆ ಜಾತಿಯ ಗಿಡ ಎರಡು ಅಡಿ ಆದಾಗಲೇ ತುದಿಯ ಮೂರನೇ ಒಂದು ಭಾಗ ಚಿವುಟಿ. ಮುಂದಿನ ಒಂದೊಂದು ಅಡಿಗೂ ಹಾಗೆಯೇ. ಸವರುವಾಗ ಬುಡ 3 ಅಡಿ ಅಗಲವಿದ್ದರೆ ತಲೆ ಎರಡೂಕಾಲು ಅಡಿ ಇರಲಿ, ಇಲ್ಲವಾದರೆ ಮೇಲಿನ ನೆರಳಿಗೆ ಕೆಳಗಿನ ಎಲೆ ಉದುರುತ್ತದೆ.

ಮಳೆ ಹಿಡಿದ ಮೇಲೆ ನೆಡಿ. ಗುಂಡಿ ಬೇರುಮುದ್ದೆಯಷ್ಟೇ ಆಳ, ಎರಡು ಪಟ್ಟು ಅಗಲ. ಚೀಲದೊಳಗೆ ಸುತ್ತು ಹೊಡೆದ ಬೇರನ್ನು ಬಿಡಿಸಿ ಅಥವಾ ಕತ್ತರಿಸಿ. ಅದೇ ತಂಡದ ಎರಡು ಗಿಡ ಕುಂಡದಲ್ಲಿ ಉಳಿಸಿಕೊಳ್ಳಿ. ಸಾಲಿನ ನಡುವೆ ಒಂದು ಸತ್ತರೆ, ಚಿಕ್ಕ ಸಸಿ ಅಕ್ಕಪಕ್ಕದವುಗಳ ನೆರಳಲ್ಲಿ ಮೇಲೇಳುವುದಿಲ್ಲ.